ಕುಂಬಳಬಳ್ಳಿಯ ಬೆರಳು ಸುರುಳಿಯಾದದ್ದು

ಭೂಮಿ ಆಗಷ್ಟೇ ಮಾಡಿ ಆರಲು ಇಟ್ಟ ಮಡಕೆಯ ಹಾಗೆ ಹಸಿಹಸಿಯಾಗಿದ್ದ ಕಾಲ ಅದು. ಬೆಟ್ಟಗಳು ಕೂರಲು ಜಾಗ ಹುಡುಕುತ್ತಿದ್ದವು. ಹೊಳೆಗಳಿಗೆ ದಾರಿ ಗೊತ್ತಿರಲಿಲ್ಲ, ಸಿಕ್ಕಸಿಕ್ಕವರನ್ನು ಕೇಳಿಕೊಂಡು ಹರಿಯುತ್ತಿದ್ದವು. ಗಿಡ, ಗಾಳಿ, ಹುಳ, ಮನುಷ್ಯ ಎಲ್ಲರದೂ ಒಂದೇ ಮಾತು. ಯಾರು ಬೇಕಾದರೂ ಯಾರನ್ನು ಬೇಕಾದರೂ ಕರೆದು ಮಾತಾಡಿಸಬಹುದಿತ್ತು.

ಆ ಕಾಲದಲ್ಲಿ ಕುಂಬಳಬಳ್ಳಿಗೆ ಬೆರಳುಗಳಿದ್ದವು. ಒಂದೊಂದು ಎಲೆಯ ಪಕ್ಕದಲ್ಲಿ ಒಂದೊಂದು. ಹಸಿರು ಬಣ್ಣ, ತೆಳ್ಳಗೆ, ಪೊರಕೆ ಕಡ್ಡಿಯಷ್ಟು ನೆಟ್ಟಗೆ. ತೋರಿಸುವುದೇ ಆ ಬೆರಳುಗಳ ಕೆಲಸ.

ಹೊಳೆ ಬಂದು, "ಅಕ್ಕಾ, ಇಳಿಜಾರು ಯಾವ ಕಡೆ?" ಎಂದರೆ ಬಳ್ಳಿ ಬೆರಳು ತೋರಿಸುತ್ತಿದ್ದಳು. ಹೊಳೆ ಆ ಕಡೆ ಹರಿಯುತ್ತಿತ್ತು. ಹಸು ಕಳೆದುಕೊಂಡವರು ಬಂದು, "ನಮ್ಮ ಹಸು ಎಲ್ಲಿ?" ಎಂದರೆ ಬೆರಳು ತೋರಿಸುತ್ತಿದ್ದಳು. ಹಸು ಅಲ್ಲೇ ಸಿಗುತ್ತಿತ್ತು. ಕುಂಬಳಬಳ್ಳಿ ತೋರಿಸಿದ ಮೇಲೆ ಮುಗಿಯಿತು, ಇನ್ನೊಂದು ಸಲ ನೋಡುವ ಅಗತ್ಯ ಇಲ್ಲ ಎಂದು ಎಲ್ಲರೂ ನಂಬಿದ್ದರು. ನೋಡು, ಕೇಡು ಶುರುವಾದದ್ದೇ ಅಲ್ಲಿ. ಇನ್ನೊಂದು ಸಲ ನೋಡುವ ಅಗತ್ಯ ಯಾವಾಗಲೂ ಇರುತ್ತದೆ.

ಹೊಳೆಯ ಪಕ್ಕದ ದಿಣ್ಣೆಯ ಮೇಲೆ ಹತ್ತೆಂಟು ಗುಡಿಸಲುಗಳಿದ್ದವು. ಪ್ರತಿ ಗುಡಿಸಲಿನ ಹಿಂದೆ ಒಂದು ಹಿತ್ತಲು. ಅಲ್ಲಿಯ ಜನಕ್ಕೆ ಹಿತ್ತಲೆಂದರೆ ಪ್ರಾಣ.

ಸೋಮವಾರ ಮಾತ್ರ ನೆಲಕ್ಕೆ ಗುದ್ದಲಿ ತಾಗಿಸುವ ಹಾಗಿರಲಿಲ್ಲ. ಅವತ್ತು ಭೂಮಿತಾಯಿಗೆ ಬಿಡುವು. ಕೈಗೆ ಕೆಲಸ ಇಲ್ಲದಿದ್ದರೆ ಬಾಯಿಗೆ ಕೆಲಸ ತಾನೇ? ಹಾಗಾಗಿ ಸೋಮವಾರ ಹೊತ್ತು ಏರುವ ಮುಂಚೆ ಎಲ್ಲರೂ ದ್ಯಾವಕ್ಕ ಎಂಬ ಹೆಂಗಸಿನ ಬೇಲಿಯ ಹತ್ತಿರ ಸೇರುತ್ತಿದ್ದರು. ಸೆರಗಿನಲ್ಲಿ ಬೀಜ ಕಟ್ಟಿಕೊಂಡು ಬರುವವರು, ನೆಂಟರ ಊರಿಂದ ತಂದ ಸಸಿ ಹಂಚುವವರು, ಏನೂ ತರದೆ ಬರೀ ದೂರು ತರುವವರು.

ದೂರು ತರುವುದರಲ್ಲಿ ಮಾರವ್ವನನ್ನು ಮೀರಿಸುವವರು ಇರಲಿಲ್ಲ. ಅವಳು ಬದನೆ ಬೆಳೆಯುತ್ತಿದ್ದಳು.

"ಎಲೆ ಎಲ್ಲಾ ಜರಡಿ ಆಗೋಗದೆ ಕಣಕ್ಕ" ಎನ್ನುತ್ತಿದ್ದಳು. "ಬೂದಿ ಎರಚ್ದೆ. ಹುಳ ಬೂದಿನೂ ತಿಂದ್ಕೊಂಡು ಇನ್ನೂ ದಪ್ಪ ಆಗವೆ. ಅದ್ರ ಮ್ಯಾಲೆ ಯಾರೋ ಕೇಳ್ದೆ ಮಾಡ್ದೆ ಕರಿಬೇವು ಮುರ್ಕೊಂಡು ಹೋಗವ್ರೆ. ಕೇಳುದ್ರೆ ನಾನೇನು ಇಲ್ಲ ಅಂತಿದ್ನಾ?"

"ಅಂತಿದ್ದೆ" ಎನ್ನುತ್ತಿದ್ದ ಚಿಕ್ಕಣಜ್ಜ. ಅವರೆಲ್ಲರಿಗಿಂತ ಹಿರಿಯ ಅವನು, ಅವರೆಬಳ್ಳಿ ಬೆಳೆಸುವುದರಲ್ಲಿ ಗಟ್ಟಿಗ. ನೆತ್ತಿಯ ಮೇಲೆ ಬಿಸಿಲಿರುವಾಗ ಗಿಡಕ್ಕೆ ನೀರು ಹಾಕುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಇನ್ನೊಬ್ಬರಿಗೆ ಸಸಿ ಕೆದಕುವ ಕೋಳಿಯ ಮೇಲೆ ಸಿಟ್ಟು. ಮತ್ತೊಬ್ಬರಿಗೆ, ಬೀಜ ಹಾಕಿದ ಮಾರನೆಯ ದಿನವೇ 'ಕಾಯಿ ಬಿಡ್ತಾ?' ಎಂದು ಕೇಳುವವರ ಮೇಲೆ. ಬೈದುಕೊಂಡು, ನಕ್ಕು, ಬೀಜ ಬದಲಾಯಿಸಿಕೊಂಡು ಏಳುತ್ತಿದ್ದರು.

ದ್ಯಾವಕ್ಕನ ಬೇಲಿಗೆ ಹಬ್ಬಿದ್ದವಳೇ ನಾನು ಹೇಳಿದ ಕುಂಬಳಬಳ್ಳಿ. ಬೇಲಿಯಲ್ಲಿ ಒಂದು ದಪ್ಪ ಗೂಟ ಇತ್ತು. ಆ ಗೂಟದ ಮೇಲೆ ಒಬ್ಬ ಓತಿಕ್ಯಾತ ಇಡೀ ದಿನ ಕೂತಿರುತ್ತಿದ್ದ. ಅವನಿಗೆ ಮಾತು ಕಡಿಮೆ. ಯಾರು ಬಂದರೂ ತಲೆ ಮೇಲೆ ಕೆಳಗೆ ಆಡಿಸುತ್ತಿದ್ದ. ಅದೇ ಅವನ ನಮಸ್ಕಾರ, ಅದೇ ಅವನ ಯೋಗಕ್ಷೇಮ. ಬಿಸಿಲು ಚೆನ್ನಾಗಿ ಬಿದ್ದರೆ ಅವನ ಕೊರಳು ಕೆಂಪಗಾಗುತ್ತಿತ್ತು. ಬಳ್ಳಿಗೆ ಆ ಕೆಂಪು ಕಂಡರೆ ಹೆದರಿಕೆ. ಪಕ್ಕದಲ್ಲೇ ಇದ್ದರೂ, ಇಲ್ಲಿ ಕೂತು ಏನು ಮಾಡುತ್ತೀಯಪ್ಪ ಎಂದು ಅವಳು ಒಂದು ದಿನವೂ ಕೇಳಲಿಲ್ಲ.

ಮಘೆ ಮಳೆ ಬಂತು. ಬಳ್ಳಿ ಮೊದಲ ಮಿಡಿ ಬಿಟ್ಟಳು. ಹೂವಿನ ಬುಡದಲ್ಲಿ ಗೋಲಿಯಷ್ಟು ದಪ್ಪ, ಮೈಮೇಲೆ ನವಿರಾದ ರೋಮ. ಬಳ್ಳಿ ಅದಕ್ಕೆ ಎಲೆ ಮರೆ ಮಾಡಿದಳು. ನಾಲ್ಕು ದಿನ ಕಳೆಯಿತು. ಮಿಡಿ ಹಳದಿಯಾಯಿತು, ಮೆತ್ತಗಾಯಿತು, ಕೊಳೆತು ಉದುರಿತು. ಬಳ್ಳಿ ಅತ್ತಳು. ದ್ಯಾವಕ್ಕ ಮಿಡಿಯನ್ನು ಎತ್ತಿ, ಗೊಬ್ಬರವಾದರೂ ಆಗಲಿ ಎಂದು ಬಳ್ಳಿಯ ಬುಡಕ್ಕೇ ಎಸೆದಳು.

ಹುಬ್ಬೆ ಮಳೆ ಬಂತು. ಇನ್ನೆರಡು ಮಿಡಿ ಬಂದವು. ಎರಡೂ ಹಳದಿಯಾದವು, ಮೆತ್ತಗಾದವು, ಕೊಳೆತು ಉದುರಿದವು. ಬಳ್ಳಿ ಅತ್ತಳು. ದ್ಯಾವಕ್ಕ ಅವನ್ನೂ ಎತ್ತಿ ಬುಡಕ್ಕೇ ಎಸೆದಳು.

ಉತ್ತರೆ ಮಳೆಗೆ ಇನ್ನೆರಡು. ಅವೂ ಹಾಗೇ ಹೋದವು.

ಸೋಮವಾರ ಬಂದರೆ ದ್ಯಾವಕ್ಕನಿಗೆ ತಲೆ ಎತ್ತಲು ಆಗುತ್ತಿರಲಿಲ್ಲ. ಚಿಕ್ಕಣಜ್ಜನ ಅವರೆ ಚಪ್ಪರ ಮುಟ್ಟಿತ್ತು. ಎಲೆ ಜರಡಿಯಾಗಿದ್ದ ಮಾರವ್ವನ ಬದನೆಯೂ ಕಾಯಿ ಹಿಡಿದಿತ್ತು. ಅವಳು ಮಡಿಲು ತುಂಬ ಬದನೆಕಾಯಿ ತಂದು ಎಲ್ಲರಿಗೂ ಎರಡೆರಡು ಕೊಟ್ಟಳು. ದ್ಯಾವಕ್ಕನಿಗೆ ಮೂರು ಕೊಟ್ಟಳು. ಆ ಮೂರನೆಯ ಕಾಯಿ ದ್ಯಾವಕ್ಕನಿಗೆ ಮುಳ್ಳಿನ ಹಾಗೆ ಚುಚ್ಚಿತು.

ಅವತ್ತು ಅವಳು ಬಳ್ಳಿಯ ಮುಂದೆ ಬಂದು ನಿಂತಳು.

"ನೋಡವ್ವ, ನಾನೂ ಎಷ್ಟ್ ದಿನ ಅಂತ ನೀರ್ ಹೊರ್ಲಿ? ಬರೋ ಅಮಾಸೆಗೆ ಒಂದಾರ ಕಾಯಿ ನಿಲ್ಲುಸ್ಕೊ. ಇಲ್ದಿದ್ರೆ ನಿನ್ನ ಕಿತ್ತು ತಿಪ್ಪೆಗೆ ಹಾಕಿ, ಇಲ್ಲಿ ಹೀರೆ ಬೀಜ ಊರ್ತೀನಿ."

ಬಳ್ಳಿ ತನ್ನ ಮೈಯೆಲ್ಲ ತಡವಿ ನೋಡಿಕೊಂಡಳು. ಒಂದೇ ಒಂದು ಮಿಡಿ ಉಳಿದಿತ್ತು, ಬೇಲಿಯ ಆ ದಪ್ಪ ಗೂಟದ ಹತ್ತಿರ. ಹೆಬ್ಬೆರಳಿನ ಗಾತ್ರ ಅಷ್ಟೇ. ಅದು ಬದುಕಿದರೆ ಅವಳು ಬದುಕುತ್ತಾಳೆ. ಅದು ಹೋದರೆ ಅವಳೂ ಹೋದ ಹಾಗೆ. ಬಳ್ಳಿ ಮೂರು ಎಲೆ ತಂದು ಆ ಮಿಡಿಗೆ ಮುಚ್ಚಿದಳು.

ಹಸ್ತ ಮಳೆಯ ಮೊದಲನೆಯ ಸೋಮವಾರ. ಎಲ್ಲರೂ ಬೇಲಿಯ ಹತ್ತಿರ ಸೇರಿದರು. ದ್ಯಾವಕ್ಕ ಐದು ಮಿಡಿ ಹೋದ ಕಥೆ ಹೇಳಿ ಕಣ್ಣೊರೆಸಿಕೊಂಡಳು.

"ಯಾವ್ದೋ ಕಳ್ಳಂದೇ ಕೆಲ್ಸ ಇದು" ಎಂದಳು ಮಾರವ್ವ. "ರಸ ಹೀರಿ ಹೋಯ್ತಾನೆ. ಅದುಕ್ಕೇ ಮಿಡಿ ಹಳದಿ ಆಯ್ತವೆ."

"ಊರಿಗೆಲ್ಲ ದಾರಿ ತೋರ್ಸೋ ಬಳ್ಳಿ ಇಲ್ಲೇ ಅವಳಲ್ಲ, ನಾವ್ ಯಾಕೆ ತಲೆ ಕೆಡುಸ್ಕೋಬೇಕು?" ಎಂದ ಚಿಕ್ಕಣಜ್ಜ. ಕೋಲೂರಿಕೊಂಡು ಮುಂದೆ ಬಂದ. "ಏನವ್ವ ತಾಯಿ, ಯಾರು ನಿನ್ ಮಿಡಿ ಹಾಳ್ ಮಾಡ್ತಿರೋರು? ತೋರ್ಸು."

ಬಳ್ಳಿಗೆ ಗೊತ್ತಿರಲಿಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ.

ಬೇಲಿಯ ಮೇಲೆ ಹಾದು ಹೋಗುತ್ತಿದ್ದ ಗಾಳಿ ಅವಳ ಎಲೆಗೆ ಮುಖ ತಂದು ಮೆಲ್ಲಗೆ ಹೇಳಿತು: "ಗೊತ್ತಿಲ್ಲ ಅಂತ ಹೇಳಿಬಿಡು ತಂಗಿ. ಗೊತ್ತಿಲ್ಲ ಅನ್ನುವುದೂ ಒಂದು ಉತ್ತರವೇ."

"ಗೊತ್ತಿಲ್ಲ ಅಂದರೆ ಕಾಯಿ ನಿಲ್ಲುವ ಬಳ್ಳಿ ಅಲ್ಲ ಅಂತ ಕಿತ್ತು ಹಾಕುತ್ತಾರೆ. ಆಮೇಲೆ ನನ್ನ ಮಿಡಿಯ ಗತಿ?" ಎಂದಳು ಬಳ್ಳಿ. "ಇದುವರೆಗೆ ನಾನು ಗೊತ್ತಿಲ್ಲ ಅಂದವಳೇ ಅಲ್ಲ."

ಆ ಹೊತ್ತಿಗೆ ಸರಿಯಾಗಿ ಗೂಟದ ಮೇಲಿದ್ದ ಓತಿಕ್ಯಾತ ಸರಸರನೆ ಇಳಿದ. ಎಲೆಯ ಸಂದಿನಲ್ಲಿ ನುಗ್ಗಿ, ಮಿಡಿಯ ಹತ್ತಿರ ಬಾಯಿ ಹಾಕಿ, ಅಷ್ಟೇ ಬೇಗ ಹಿಂದೆ ಹೋಗಿ ಗೂಟ ಏರಿ ಕೂತ. ಬಿಸಿಲು ಅವನ ಕೊರಳ ಮೇಲೆ ಬಿದ್ದಿತ್ತು. ಕೊರಳು ಕೆಂಪಗೆ ಹೊಳೆಯುತ್ತಿತ್ತು.

ಬಳ್ಳಿ ಬೆರಳು ಎತ್ತಿದಳು. ನೆಟ್ಟಗೆ ಅವನ ಕಡೆ ತೋರಿಸಿದಳು.

ಎಲ್ಲರೂ ತಿರುಗಿ ನೋಡಿದರು. ಅಷ್ಟೊಂದು ಮುಖ ಒಟ್ಟಿಗೆ ತನ್ನ ಕಡೆ ತಿರುಗಿದ್ದನ್ನು ಕಂಡು ಓತಿ ಎಂದಿನಂತೆ ತಲೆ ಆಡಿಸಿದ. ಮೇಲೆ, ಕೆಳಗೆ. ಮೇಲೆ, ಕೆಳಗೆ. ಪಾಪ, ಅವನಿಗೆ ಗೊತ್ತಿದ್ದ ಮರ್ಯಾದೆ ಅದೊಂದೇ.

"ಅಗೋ, ಒಪ್ಕೊಂಡ!" ಎಂದು ಕಿರುಚಿದಳು ಮಾರವ್ವ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ಇವನು ತಲೆನೇ ಆಡುಸ್ತವ್ನೆ! ಕೊರಳು ನೋಡಿ, ರಸ ಕುಡ್ದು ಕುಡ್ದು ಹೆಂಗೆ ಕೆಂಪಗಾಗದೆ!"

ಕುಂಬಳದ ಮಿಡಿಯಲ್ಲಿ ಕೆಂಪು ರಸ ಎಲ್ಲಿಂದ ಬರಬೇಕು? ಅಲ್ಲಿದ್ದವರೆಲ್ಲ ಹಿತ್ತಲಲ್ಲೇ ಹುಟ್ಟಿ ಬೆಳೆದವರು. ಒಬ್ಬರಾದರೂ ಕೇಳಬಹುದಿತ್ತು. ಒಬ್ಬರೂ ಕೇಳಲಿಲ್ಲ.

"ನಾನು ಮಿಡಿ ತಿನ್ನೋನಲ್ಲ ಅಜ್ಜ" ಎಂದ ಓತಿ. "ನೊಣ ತಿನ್ನೋನು. ಮಿಡಿ ಮ್ಯಾಲೆ ಜೇನಿನ ಬಣ್ಣದ ಸಣ್ಣ ನೊಣ ಬಂದು ಕೂರ್ತವೆ. ಸಿಕ್ಕಿದಷ್ಟ ಹಿಡೀತೀನಿ. ಬಾಳ ಬಂದ್ಬುಟ್ಟವೆ, ನನ್ ಒಬ್ಬನ ಕೈಲಿ ಆಯ್ತಾ ಇಲ್ಲ."

"ಅದುಕ್ಕೆ ಸಾಕ್ಷಿ ಯಾರು?" ಎಂದ ಚಿಕ್ಕಣಜ್ಜ.

ಓತಿ ಸುತ್ತ ನೋಡಿದ. ಗಾಳಿ ಅಷ್ಟರಲ್ಲಿ ಹೊಳೆಯ ಆಚೆಗೆ ಹೋಗಿಬಿಟ್ಟಿತ್ತು, ಅದು ಎಲ್ಲಿ ನಿಲ್ಲುತ್ತದೆ? ದಿನವಿಡೀ ಅವನ ಜೊತೆ ಇದ್ದದ್ದು ಒಂದೇ.

"ಈ ಗೂಟ" ಎಂದ ಓತಿ.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ ಎಂದು ನಾವು ಈಗಲೂ ಆಡಿಕೊಂಡು ನಗುತ್ತೇವಲ್ಲ, ಅವತ್ತು ಅವರು ನಕ್ಕದ್ದೇ ಮೊದಲು. ಗೂಟ ಎಲ್ಲವನ್ನೂ ನೋಡಿತ್ತು. ಆದರೆ ಅದು ಕಡಿದು ಒಣಗಿಸಿ ನೆಟ್ಟ ಮರ. ಹಸಿ ಮರಕ್ಕೆ ಮಾತಿತ್ತು, ಸತ್ತ ಮರಕ್ಕೆ ಎಲ್ಲಿಂದ ಬರಬೇಕು?

ಓತಿ ಬಳ್ಳಿಯ ಕಡೆ ತಿರುಗಿದ. "ಅಕ್ಕಾ, ನೀನಾರ ಹೇಳು."

ಬಳ್ಳಿ ಆಗಲಾದರೂ ಬೆರಳನ್ನು ಕೆಳಗಿಳಿಸಬಹುದಿತ್ತು. ಅವಳು ಇಳಿಸಲಿಲ್ಲ. ಮೂರು ಎಲೆಯ ಕೆಳಗಿನ ಮಿಡಿಯನ್ನೇ ನೆನೆದುಕೊಂಡು ಹಾಗೇ ಹಿಡಿದಿದ್ದಳು.

ಮೊದಲ ಕಲ್ಲು ಯಾರು ಎಸೆದರೋ ಯಾರಿಗೂ ಗೊತ್ತಿಲ್ಲ. ಇಂಥ ಕಲ್ಲು ಯಾವಾಗಲೂ ಹಾಗೇ, ಎಸೆದವರೇ ಇರುವುದಿಲ್ಲ. ಮೂರನೆಯ ಕಲ್ಲಿಗೆ ಓತಿ ಗೂಟದಿಂದ ಕೆಳಗೆ ಬಿದ್ದ. ಬಿದ್ದ ಮೇಲೂ ಅವನ ತಲೆ ಎರಡು ಸಲ ಮೇಲೆ ಕೆಳಗೆ ಆಡಿತು. ಆಮೇಲೆ ಆಡಲಿಲ್ಲ.

ದ್ಯಾವಕ್ಕ ಅವನ ಬಾಲ ಹಿಡಿದು ಎತ್ತಿದಳು, ಬೇಲಿಯಾಚೆ ಎಸೆಯೋಣವೆಂದು. ಅವನ ಬಾಯಿ ತೆರೆದುಕೊಂಡಿತು. ಅದರೊಳಗಿಂದ ಮೂರು ನೊಣ ನೆಲಕ್ಕೆ ಬಿದ್ದವು. ಜೇನಿನ ಬಣ್ಣದ ಸಣ್ಣ ನೊಣಗಳು. ಮಿಡಿಯ ಒಂದು ಚೂರು ಸಿಪ್ಪೆಯೂ ಇರಲಿಲ್ಲ.

ಮಾರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಚಿಕ್ಕಣಜ್ಜ ಹೇಳಿದ: "ಬಳ್ಳಿ ತೋರುಸ್ದ್ಲು, ನಾವು ಹೊಡುದ್ವು. ನಮ್ದೇನದೆ ಇದ್ರಲ್ಲಿ?"

ಹೌದು ಹೌದು ಎಂದು ಎಲ್ಲರೂ ಅಂದರು. ಎದ್ದು ಮನೆಗೆ ಹೋದರು. ನನಗೆ ಇದನ್ನು ಹೇಳುವಾಗಲೆಲ್ಲ ಮೈ ಉರಿಯುತ್ತದೆ. ಬೆರಳು ಬಳ್ಳಿಯದು, ಒಪ್ಪುತ್ತೇನೆ. ಕಲ್ಲು ಹಿಡಿದ ಕೈ ಯಾರದು?

ಮಾರನೆಯ ದಿನ ಗೂಟದ ಮೇಲೆ ಯಾರೂ ಇರಲಿಲ್ಲ. ಬಿಸಿಲು ಏರುವ ಮುಂಚೆಯೇ ಒಂದು ನೊಣ ಬಂತು. ಮಿಡಿಯ ಮೇಲೆ ಕೂತಿತು. ಬಾಲ ಬಗ್ಗಿಸಿ ಮಿಡಿಯ ಎಳೆಯ ಸಿಪ್ಪೆಯನ್ನು ಚುಚ್ಚಿತು, ಒಳಗೆ ಮೊಟ್ಟೆ ಇಟ್ಟಿತು. ಅಯ್ಯೋ, ಬಳ್ಳಿ ಅದನ್ನು ಕಣ್ಣಾರೆ ಕಂಡದ್ದು ಅವತ್ತೇ. ಅಲ್ಲಿಯವರೆಗೆ ಅವಳು ದೂರದ ಹೊಳೆ ನೋಡುತ್ತಿದ್ದಳು, ಮೋಡ ನೋಡುತ್ತಿದ್ದಳು, ತಪ್ಪಿಸಿಕೊಂಡ ಹಸು ನೋಡುತ್ತಿದ್ದಳು. ಮಗ್ಗುಲಲ್ಲೇ ಇದ್ದದ್ದನ್ನು ನೋಡಿರಲಿಲ್ಲ.

"ಅಕ್ಕಾ! ದ್ಯಾವಕ್ಕಾ! ಅಗೋ, ಅಲ್ಲಿ!" ಬಳ್ಳಿ ಇದ್ದಬದ್ದ ಬೆರಳನ್ನೆಲ್ಲ ಎತ್ತಿ ತೋರಿಸಿದಳು. ಅಷ್ಟು ಸರಿಯಾಗಿ ಅವಳು ಹುಟ್ಟಿದಂದಿನಿಂದ ಏನನ್ನೂ ತೋರಿಸಿರಲಿಲ್ಲ.

ನೀರಿನ ಕೊಡ ಹೊತ್ತು ಹೋಗುತ್ತಿದ್ದ ದ್ಯಾವಕ್ಕ ನಿಂತಳು. ಆದರೆ ಬೆರಳು ತೋರಿಸಿದ ಕಡೆ ತಿರುಗಲಿಲ್ಲ.

"ನಿನ್ನೆ ಓತಿ ಅಂದೆ, ಇವತ್ತು ಇನ್ಯಾರನ್ನೋ ಅಂತೀಯ. ನಾಳೆ ನನ್ನೇ ತೋರುಸ್ತೀಯೇನೋ. ನಿನ್ ಬೆರಳಿನ ಸಾವಾಸ ಸಾಕು ಕಣವ್ವ."

ಅವಳು ಹೋಗಿಬಿಟ್ಟಳು. ಎರಡನೆಯ ನೊಣ ಬಂತು. ಮೂರನೆಯದು ಬಂತು. ಬಳ್ಳಿ ದಾರಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಕರೆದಳು. ಬೆರಳು ತೋರಿಸಿದಳು. ಯಾರೂ ನೋಡಲಿಲ್ಲ.

ನಾಲ್ಕು ದಿನ ಕಳೆಯಿತು. ಮಿಡಿ ಹಳದಿಯಾಯಿತು. ಮೆತ್ತಗಾಯಿತು. ಅಮಾವಾಸ್ಯೆಯ ದಿನ ಬೆಳಿಗ್ಗೆ ಕೊಳೆತು ಉದುರಿತು.

ಬಳ್ಳಿ ಈ ಸಲ ಅಳಲಿಲ್ಲ. ಓತಿಯ ಕಡೆ ತೋರಿಸಿದ ಆ ಬೆರಳನ್ನೇ ನೋಡಿದಳು. ಎಷ್ಟು ನೆಟ್ಟಗಿತ್ತು ಅದು! ನೋಡಲಾರದೆ ಅದರ ತುದಿಯನ್ನು ಬಗ್ಗಿಸಿದಳು. ಇನ್ನೂ ಬಗ್ಗಿಸಿದಳು. ಒಂದು ಸುತ್ತು ಸುತ್ತಿತು, ಎರಡು ಸುತ್ತು ಸುತ್ತಿತು. ಒಂದನ್ನು ಕಂಡು ಉಳಿದ ಬೆರಳುಗಳೂ ಸುತ್ತಿಕೊಂಡವು. ಓತಿ ಕೂರುತ್ತಿದ್ದ ಗೂಟ ಪಕ್ಕದಲ್ಲೇ ಇತ್ತು. ಬಳ್ಳಿ ಆ ಬೆರಳನ್ನು ತಂದು ಗೂಟಕ್ಕೆ ಸುತ್ತಿದಳು.

"ಅಣ್ಣಾ, ನೀನು ಎಲ್ಲ ನೋಡಿದ್ದೆ ಅಲ್ಲವಾ?" ಎಂದು ಕೇಳಿದಳು.

ಬಳ್ಳಿ ಇನ್ನೂ ಬಿಗಿಯಾಗಿ ಸುತ್ತಿಕೊಂಡಳು.

ಹೊತ್ತು ಏರಿದ ಮೇಲೆ ದ್ಯಾವಕ್ಕ ಬಳ್ಳಿ ಕೀಳಲು ಬಂದಳು. ಮೊದಲು ಉದುರಿದ್ದ ಮಿಡಿಯನ್ನು ಎತ್ತಿ ಅಭ್ಯಾಸದಂತೆ ಬುಡಕ್ಕೆ ಎಸೆದಳು. ಮಿಡಿ ಒಡೆಯಿತು. ಒಳಗಿಂದ ಬಿಳಿ ಹುಳಗಳು ಪುಟಪುಟನೆ ನೆಗೆದು ಮಣ್ಣಿಗೆ ಬಿದ್ದು, ನೋಡುತ್ತಿದ್ದಂತೆ ಮಣ್ಣಿನೊಳಕ್ಕೆ ಇಳಿದುಹೋದವು. ದ್ಯಾವಕ್ಕ ಕೂತು ಕೈಯಿಂದ ಮಣ್ಣು ಕೆದಕಿದಳು. ಅಲ್ಲಿ ಗೋಧಿಯ ಕಾಳಿನಂಥ ಗೂಡುಗಳು ಹಿಡಿಗಟ್ಟಲೆ ಇದ್ದವು. ಒಂದು ಗೂಡು ಅವಳ ಅಂಗೈಯಲ್ಲೇ ಬಿರಿಯಿತು. ಜೇನಿನ ಬಣ್ಣದ ಒಂದು ಸಣ್ಣ ನೊಣ ಹೊರಗೆ ಬಂದು, ರೆಕ್ಕೆ ಕೊಡವಿಕೊಂಡು ಹಾರಿಹೋಯಿತು.

ಓತಿ ಹಗಲೆಲ್ಲ ಹಿಡಿದು ತಿನ್ನುತ್ತಿದ್ದ ನೊಣಗಳನ್ನು ಬಳ್ಳಿಯ ಬುಡದಲ್ಲಿ ಸಾಕಿದ್ದು ಯಾರು ಎಂದು ದ್ಯಾವಕ್ಕನಿಗೆ ಆಗ ತಿಳಿಯಿತು. ಅವಳು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟಳು.

"ಬಿಚ್ಚವ್ವ ಬೆರಳ" ಎಂದಳು ಕೊನೆಗೆ. "ತಪ್ಪು ನಂದೂ ಅದೆ. ನಿನ್ನ ಕೀಳಲ್ಲ ನಾನು. ಬಿಚ್ಚು."

"ಅಕ್ಕಾ, ಇನ್ನು ನನ್ನನ್ನು ಏನೂ ಕೇಳಬೇಡ" ಎಂದಳು ಬಳ್ಳಿ. ಅವಳು ಆಡಿದ ಕೊನೆಯ ಮಾತು ಅದೇ.

ಆಮೇಲೆ ಆ ದಿಣ್ಣೆಯಲ್ಲಿ ಯಾರೂ ಕೊಳೆತ ಮಿಡಿಯನ್ನು ಬಳ್ಳಿಯ ಬುಡಕ್ಕೆ ಎಸೆಯಲಿಲ್ಲ. ದೂರ ಒಯ್ದು ಆಳವಾಗಿ ಹೂಳಿದರು. ಮರುವರ್ಷ ಕಾಯಿ ನಿಂತವು, ದೊಡ್ಡ ದೊಡ್ಡ ಕಾಯಿ. ದ್ಯಾವಕ್ಕ ಎಲ್ಲರಿಗೂ ಹೋಳು ಹಂಚಿದಳು. ತಿನ್ನುವಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಸೋಮವಾರದ ಮಾತುಕತೆ ಮುಂದುವರಿಯಿತು, ದೂರುಗಳೂ ಇದ್ದವು. ಆದರೆ ಮಿಡಿಯನ್ನು ತೋರಿಸಬೇಕಾದಾಗ ಯಾರೂ ಬೆರಳು ಚಾಚುತ್ತಿರಲಿಲ್ಲ, ಮಡಚಿಕೊಂಡೇ ತೋರಿಸುತ್ತಿದ್ದರು. ನಿನಗೂ ದೊಡ್ಡವರು ಹಾಗೇ ಹೇಳಿಕೊಟ್ಟಿರುತ್ತಾರೆ.

ಬಳ್ಳಿ ಮಾತ್ರ ಬೆರಳು ಬಿಚ್ಚಲಿಲ್ಲ. ಅವಳ ಮಕ್ಕಳೂ ಬಿಚ್ಚಲಿಲ್ಲ, ಮೊಮ್ಮಕ್ಕಳೂ ಬಿಚ್ಚಲಿಲ್ಲ. ಅದಕ್ಕೇ ಮಗಾ, ಇವತ್ತಿಗೂ ಕುಂಬಳಬಳ್ಳಿಯ ಸುರುಳಿಯನ್ನು ನೀನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಎಳೆದು ನೆಟ್ಟಗೆ ಮಾಡಿದರೂ, ಕೈ ಬಿಟ್ಟ ಕೂಡಲೇ ಅದು ಮತ್ತೆ ಸುತ್ತಿಕೊಂಡುಬಿಡುತ್ತದೆ.